ಜರ್ಮನಿಯ ವನಿತೆಯರ ಕಾಲ್ಚೆಂಡಿನ ತಂಡವೂ ಯೂರೋಪು ಖಂಡದ ಪ್ರಶಸ್ತಿಯೂ

1. ಪೀಠಿಕೆ



ಈ ಸ್ಮರಣ ಸಂಚಿಕೆಗೆ ಪಾಠರೂಪವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳೋಣವೆಂದು ಕೆಲವು ದಿನ ಆಲೋಚಿಸಿದೆವು. ವಿಷಯವನ್ನು ದೂರ ಹುಡುಕಬೇಕಾಗಲಿಲ್ಲ; ಅದು ನಮ್ಮ ಮೇಜಿನ ಸೆಳೆಖಾನೆಯಲ್ಲಿಯೇ ಇದ್ದಿತು. ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಶಾಲೆಯು ಪ್ರಾರಂಭವಾಗಿ ಎರಡು ವಾರಗಳು ಕಳೆಯುವುದರೊಳಗಾಗಿ, ನಮ್ಮ ಕೈಗೆ ಒಂದೇ ಬಗೆಯ ಹಲವು ಪತ್ರಗಳು ಬರುತ್ತವೆ. “ನಮ್ಮ ಮಗಳು ಈಗ ಎಂಟನೆಯ ತರಗತಿಗೆ ಬಂದಿರುವುದರಿಂದ ಇನ್ನು ಮುಂದೆ ಆಕೆಯನ್ನು ಆಟದ ಬಯಲಿಗೆ ಕಳುಹಿಸಬಾರದಾಗಿ ವಿನಂತಿ” ಎಂಬುದೇ ಅವುಗಳ ಸಾರಾಂಶ. ಕಾರಣಗಳನ್ನು ಕೇಳಿದರೆ ತಾಯಿತಂದೆಗಳು ಸಾಮಾನ್ಯವಾಗಿ ಮೂರನ್ನು ಹೇಳುತ್ತಾರೆ. ಒಂದು, ಓಡಿ ಒದೆದು ಆಡುವುದರಿಂದ ಹೆಣ್ಣುಮಕ್ಕಳ ದೇಹಕ್ಕೆ ಕೇಡಾಗುವುದು. ಎರಡು, ಅದು ಮರ್ಯಾದೆಗೆ ಒಪ್ಪುವುದಿಲ್ಲ. ಮೂರು, ಆಡಿ ಆಕೆಗೆ ದೊರೆಯುವುದಾದರೂ ಏನು?

ಈ ಮೂರು ಮಾತುಗಳನ್ನು ಮೊದಲು ಆಡಿದವರು ನಮ್ಮ ಊರಿನವರಲ್ಲ. ನಮಗಿಂತಲೂ ಬಹು ಮುಂದುವರಿದ ದೇಶವೆಂದು ಹೆಸರಾದ ಜರ್ಮನಿಯಲ್ಲಿ, ದೊಡ್ಡ ಸಭೆ ಸೇರಿ, ಇವುಗಳಲ್ಲಿ ಮೊದಲಿನ ಎರಡನ್ನು ನಿಯಮವಾಗಿ ಬರೆದಿಟ್ಟಿದ್ದರು. ಮುಂದೆ ಅದೇ ದೇಶದ ಹೆಣ್ಣುಮಕ್ಕಳು ಯೂರೋಪು ಖಂಡದ ಕಾಲ್ಚೆಂಡಾಟದ ಪ್ರಶಸ್ತಿಯನ್ನು ಎಂಟು ಸಲ ಗೆದ್ದರು. ನಿಷೇಧದಿಂದ ಎಂಟು ಪ್ರಶಸ್ತಿಗಳವರೆಗಿನ ಈ ದಾರಿಯ ಚರಿತ್ರೆಯನ್ನು ಕ್ರಮವಾಗಿ ನೋಡಿ, ಕಡೆಯಲ್ಲಿ ನಮ್ಮ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದೋ ಎಂಬುದನ್ನು ವಿಚಾರಿಸೋಣ.

2. ನಿಷೇಧದ ಕಾಲ

ಜರ್ಮನಿಯು ಕನ್ನಡಿಗರಿಗೆ ಅಪರಿಚಿತವಾದ ದೇಶವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡದ ಮಹಾನಿಘಂಟನ್ನು ಪ್ರಕಟಿಸಿದ ಕಿಟ್ಟೆಲರೂ ಆ ದೇಶದಲ್ಲಿ ಹುಟ್ಟಿದವರೇ. ಎರಡನೆಯ ಮಹಾಯುದ್ಧದ ತರುವಾಯ ಆ ದೇಶವು ಪೂರ್ವ ಪಶ್ಚಿಮಗಳೆಂದು ಎರಡಾಗಿ ಒಡೆಯಿತು. ನಮ್ಮ ಚರಿತ್ರೆಯು ಮುಖ್ಯವಾಗಿ ಪಶ್ಚಿಮ ಭಾಗದಿಂದ ಆರಂಭವಾಗುತ್ತದೆ.

1954ರಲ್ಲಿ ಪಶ್ಚಿಮ ಜರ್ಮನಿಯ ಗಂಡಸರ ತಂಡವು ಸ್ವಿಟ್ಜರ್ಲೆಂಡಿನಲ್ಲಿ ಜಗತ್ತಿನ ಪ್ರಶಸ್ತಿಯನ್ನು ಗೆದ್ದಿತು. ಯುದ್ಧದಲ್ಲಿ ಸೋತು ತಲೆತಗ್ಗಿಸಿದ್ದ ಜನರಿಗೆ ಈ ಗೆಲುವು ದೊಡ್ಡ ಸಮಾಧಾನವಾಯಿತು. ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳಿಗೂ ಚೆಂಡಿನ ಮೇಲೆ ಆಸೆ ಹುಟ್ಟಿತು. ಅಲ್ಲಲ್ಲಿ ತಂಡಗಳು ಕಟ್ಟಲ್ಪಟ್ಟವು. ಮರುವರ್ಷವೇ, 1955ನೆಯ ಇಸವಿ ಜುಲೈ 30ರಂದು, ಜರ್ಮನ್ ಫುಟ್ಬಾಲ್ ಸಂಘದ ಮಹಾಸಭೆಯು ಬರ್ಲಿನಿನಲ್ಲಿ ಸೇರಿ ಈ ಆಸೆಗೆ ಬೀಗ ಹಾಕಿತು. ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ಹೆಂಗಸರ ವಿಭಾಗವನ್ನು ಕಟ್ಟಕೂಡದು. ಹೆಂಗಸರು ಆಡುವುದಕ್ಕೆ ತನ್ನ ಮೈದಾನವನ್ನು ಕೊಡಕೂಡದು. ಸಂಘದ ಪಂಚರು ಅವರ ಪಂದ್ಯಗಳಲ್ಲಿ ತೀರ್ಪು ಕೊಡಕೂಡದು. ಹೀಗೆಂದು ನಿರ್ಣಯವಾಯಿತು. ಚೆಂಡಿಗಾಗಿ ಹೋರಾಡುವಾಗ ಸ್ತ್ರೀಯರ ಲಾವಣ್ಯವು ಅಳಿಯುವುದೆಂತಲೂ, ಅವರ ದೇಹಕ್ಕೂ ಮನಸ್ಸಿಗೂ ಹಾನಿಯು ತಪ್ಪದೆಂತಲೂ, ಹಾಗೆ ಮೈದೋರುವುದು ಸಭ್ಯತೆಗೆ ವಿರುದ್ಧವೆಂತಲೂ ಅವರು ಕಾರಣ ಕೊಟ್ಟರು.

ಜರ್ಮನಿಯೊಂದೇ ಹೀಗೆ ಮಾಡಿತೆಂದು ತಿಳಿಯಬಾರದು. ಇಂಗ್ಲೆಂಡಿನ ಫುಟ್ಬಾಲ್ ಸಂಘವು 1921ರಲ್ಲಿಯೇ ತನ್ನ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿತ್ತು. ಬ್ರಜಿಲ್ ದೇಶದಲ್ಲಿ 1941ರಲ್ಲಿ ಸರಕಾರವೇ ಆಜ್ಞೆ ಹೊರಡಿಸಿತು. ಅದು 1979ರವರೆಗೆ ತೆರವಾಗಲಿಲ್ಲ. ಆ ಕಾಲದಲ್ಲಿ ವಿದ್ವಾಂಸರೂ ಇದೇ ಅಭಿಪ್ರಾಯಕ್ಕೆ ಒತ್ತಾಸೆಯಾಗಿದ್ದರು. ಬಾಯ್ಟೆಂಡೈಕ್ ಎಂಬ ಡಚ್ ಪಂಡಿತರು 1950ರ ದಶಕದಲ್ಲಿ ಕಾಲ್ಚೆಂಡಾಟದ ಮನಶ್ಶಾಸ್ತ್ರವನ್ನು ಕುರಿತು ಬರೆಯುತ್ತ, ಒದೆಯುವುದು ಗಂಡಿನ ಗುಣವೆಂದು ಸಾಧಿಸಿದರು. ಪಂಡಿತರು ಹೇಳಿದ ಮಾತ್ರಕ್ಕೆ ಒಂದು ಸಂಗತಿಯು ನಿಜವಾಗುವುದಿಲ್ಲವೆಂಬುದನ್ನು ನಮ್ಮ ವಿಜ್ಞಾನದ ತರಗತಿಯಲ್ಲಿ ಹೇಳಿಕೊಡುತ್ತೇವೆ; ಅದಕ್ಕೆ ಇದು ಒಳ್ಳೆಯ ನಿದರ್ಶನ.

ನಿಷೇಧಿಸಿದೊಡನೆ ಆಟವು ನಿಂತಿತೇ? ಇಲ್ಲ. ಕಲ್ಲಿದ್ದಲಿನ ಗಣಿಗಳಿಗೆ ಹೆಸರಾದ ಎಸೆನ್ ಪಟ್ಟಣದಲ್ಲಿ 1956ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನಿಯ ಹೆಣ್ಣುಮಕ್ಕಳು ಹಾಲೆಂಡಿನವರೊಂದಿಗೆ ಆಡಿ 2-1 ಗೋಲುಗಳಿಂದ ಗೆದ್ದರು. ಸಂಘದ ಮನ್ನಣೆಯಿಲ್ಲದ ಈ ಪಂದ್ಯವನ್ನು ನೋಡಲು ಸುಮಾರು 18,000 ಜನರು ಕೂಡಿದ್ದರು. ಮರುವರ್ಷ ಮ್ಯೂನಿಕ್ ಪಟ್ಟಣದಲ್ಲಿ ನಗರಸಭೆಗೆ ಸೇರಿದ ಕ್ರೀಡಾಂಗಣದಲ್ಲಿ ಮತ್ತೊಂದು ಪಂದ್ಯವಾಯಿತು. ಸಂಘದ ಆಜ್ಞೆಯು ಸಂಘದ ಮೈದಾನಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ನಗರಸಭೆಯ ಬಯಲು ಹೆಣ್ಣುಮಕ್ಕಳಿಗೆ ಆಶ್ರಯವಾಯಿತು. ಆಡುವವರಿಗೆ ಬಯಲನ್ನು ಯಾರು ಕೊಡುತ್ತಾರೆಂಬುದೇ ಈ ಚರಿತ್ರೆಯ ಮುಖ್ಯ ಪ್ರಶ್ನೆ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

3. ಬಾಗಿಲು ಅರ್ಧ ತೆರೆದುದು

ಹದಿನೈದು ವರ್ಷಗಳ ತರುವಾಯ, 1970ನೆಯ ಇಸವಿ ಅಕ್ಟೋಬರ್ 31ರಂದು, ಟ್ರಾವೆಮ್ಯುಂಡೆ ಎಂಬ ಊರಿನಲ್ಲಿ ಸೇರಿದ ಸಭೆಯು ನಿಷೇಧವನ್ನು ತೆಗೆದುಹಾಕಿತು. ಆದರೆ ಬಾಗಿಲು ಪೂರ್ಣವಾಗಿ ತೆರೆಯಲಿಲ್ಲ. ಹೆಂಗಸರು ದುರ್ಬಲರೆಂಬ ಕಾರಣದಿಂದ ಚಳಿಗಾಲದಲ್ಲಿ ಅರ್ಧ ವರ್ಷ ಆಡಕೂಡದು. ಅಡಿಯಲ್ಲಿ ಮೊಳೆಗಳಿರುವ ಪಾದರಕ್ಷೆ ತೊಡಕೂಡದು. ಚೆಂಡು ಚಿಕ್ಕದೂ ಹಗುರವೂ ಆಗಿರತಕ್ಕದ್ದು. ಗಂಡಸರು 90 ನಿಮಿಷ ಆಡುವಲ್ಲಿ ಇವರ ಪಂದ್ಯವು ಅದಕ್ಕಿಂತ ಮೊಟಕಾಗಿರತಕ್ಕದ್ದು. ಇಂಥ ಕಟ್ಟಳೆಗಳು ಒಂದೊಂದಾಗಿ ಕಳಚಿಬೀಳುವುದಕ್ಕೆ ವರ್ಷಗಳೇ ಹಿಡಿದವು. ಒದ್ದೆಯಾದ ಹುಲ್ಲಿನ ಮೇಲೆ ಮೊಳೆಯಿಲ್ಲದ ಪಾದರಕ್ಷೆಯಲ್ಲಿ ಓಡಿದರೆ ಕಾಲು ಜಾರುವುದು ಹೆಚ್ಚೋ ಕಡಿಮೆಯೋ ಎಂಬುದನ್ನು ನಮ್ಮ ಏಳನೆಯ ತರಗತಿಯ ಬಾಲಿಕೆಯರೂ ಬಲ್ಲರು. ರಕ್ಷಣೆಯೆಂಬ ಹೆಸರಿನಲ್ಲಿ ಮಾಡಿದ ಕಟ್ಟಳೆಯಿಂದಲೇ ಅಪಾಯವು ಹೆಚ್ಚುವುದುಂಟು.

1974ರಲ್ಲಿ ಹೆಂಗಸರಿಗೆ ದೇಶದ ಮಟ್ಟದ ಮೊದಲನೆಯ ಪಂದ್ಯಾಟ ನಡೆಯಿತು. ವ್ಯೋರ್‌ಸ್ಟಾಟ್ ಎಂಬ ಸಣ್ಣ ಊರಿನ ಕ್ಲಬ್ಬು ಅದನ್ನು ಗೆದ್ದುಕೊಂಡಿತು. ಆದರೂ ದೇಶದ ಹೆಸರಿನಲ್ಲಿ ಆಡತಕ್ಕ ತಂಡವೊಂದು ಇರಲಿಲ್ಲ. 1981ರಲ್ಲಿ ತೈವಾನಿನಿಂದ ಒಂದು ಅಂತರರಾಷ್ಟ್ರೀಯ ಪಂದ್ಯಾಟಕ್ಕೆ ಆಹ್ವಾನ ಬಂದಾಗ, ಕಳುಹಿಸುವುದಕ್ಕೆ ದೇಶದ ತಂಡವಿಲ್ಲದೆ, ಬೆರ್ಗಿಶ್ ಗ್ಲಾಡ್‌ಬಾಕ್ ಎಂಬ ಊರಿನ ಕ್ಲಬ್ಬು ಹೋಯಿತು. ಹೋದವರು ಸುಮ್ಮನೆ ಬರಲಿಲ್ಲ. ಪ್ರಶಸ್ತಿಯನ್ನೇ ಗೆದ್ದುಕೊಂಡು ಬಂದರು. ಇನ್ನು ತಂಡ ಕಟ್ಟದೆ ಉಪಾಯವಿರಲಿಲ್ಲ.

4. ತಂಡದ ಜನನ

ಮರುವರ್ಷ, 1982ನೆಯ ಇಸವಿ ನವೆಂಬರ್ 10ರಂದು, ರೈನ್ ಮೊಸೆಲ್ ನದಿಗಳ ಸಂಗಮದಲ್ಲಿರುವ ಕೋಬ್ಲೆಂಜ್ ಪಟ್ಟಣದಲ್ಲಿ ಪಶ್ಚಿಮ ಜರ್ಮನಿಯ ವನಿತೆಯರ ತಂಡವು ಮೊದಲನೆಯ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿತು. ಎದುರಾಳಿಗಳು ಸ್ವಿಟ್ಜರ್ಲೆಂಡಿನವರು. ಗೇರೋ ಬಿಸಾಂಜ್ ಎಂಬವರು ತರಬೇತುಗಾರರಾಗಿದ್ದರು. ಜರ್ಮನಿಯು 5-1 ಗೋಲುಗಳಿಂದ ಗೆದ್ದಿತು. ಬದಲಿ ಆಟಗಾರ್ತಿಯಾಗಿ ಬಯಲಿಗಿಳಿದ ಹದಿನೆಂಟು ವರ್ಷದ ಒಬ್ಬ ಹುಡುಗಿಯು ಎರಡು ಗೋಲುಗಳನ್ನು ಹೊಡೆದಳು. ಆಕೆಯ ಹೆಸರು ಸಿಲ್ವಿಯಾ ನೈಡ್. ಈ ಹೆಸರು ಮುಂದೆಯೂ ಬರಲಿದೆ.

ಯೂರೋಪು ಖಂಡದ ಒಕ್ಕೂಟವು ಹೆಂಗಸರಿಗಾಗಿ ಏರ್ಪಡಿಸಿದ ಮೊದಲನೆಯ ಪಂದ್ಯಾಟವು 1984ರಲ್ಲಿ ಮುಗಿಯಿತು, ಸ್ವೀಡನ್ ಗೆದ್ದಿತು. ಎರಡನೆಯದು 1987ರಲ್ಲಿ ನಡೆಯಿತು, ನಾರ್ವೆ ಗೆದ್ದಿತು. ಈ ಎರಡರಲ್ಲಿಯೂ ಜರ್ಮನಿಯ ತಂಡವು ಅರ್ಹತೆಯ ಪಂದ್ಯಗಳನ್ನೇ ದಾಟಲಿಲ್ಲ. ಸ್ವೀಡನ್ ನಾರ್ವೆಗಳಲ್ಲಿ ಹೆಣ್ಣುಮಕ್ಕಳು ಮೊದಲೇ ಆಡುತ್ತಿದ್ದರು; ಜರ್ಮನಿಯಲ್ಲಿ ಹದಿನೈದು ವರ್ಷಗಳು ವ್ಯರ್ಥವಾಗಿದ್ದವು. ಒಂದು ಪೀಳಿಗೆಯ ಬಾಲಿಕೆಯರಿಗೆ ಬಯಲನ್ನು ಮುಚ್ಚಿದರೆ ಅದರ ಸಾಲವನ್ನು ಮುಂದಿನ ಪೀಳಿಗೆಯು ತೀರಿಸಬೇಕಾಗುವುದು.

5. ಪಿಂಗಾಣಿಯ ಬಹುಮಾನ

1989ರಲ್ಲಿ ಪಂದ್ಯಾಟವು ಪಶ್ಚಿಮ ಜರ್ಮನಿಯಲ್ಲಿಯೇ ನಡೆಯಿತು. ಜೀಗನ್ ಪಟ್ಟಣದಲ್ಲಿ ಇಟಲಿಯೊಂದಿಗೆ ಉಪಾಂತ್ಯ ಪಂದ್ಯ. ಹೆಂಗಸರ ಪಂದ್ಯವೊಂದನ್ನು ಆ ದೇಶದ ದೂರದರ್ಶನದಲ್ಲಿ ನೇರವಾಗಿ ತೋರಿಸಿದುದು ಅದೇ ಮೊದಲು. ಆಟವು 1-1ರಲ್ಲಿ ಸಮವಾಯಿತು. ಹೀಗಾದಾಗ ಎರಡು ತಂಡದವರೂ ಸರದಿಯಂತೆ ಒಬ್ಬೊಬ್ಬರಾಗಿ ಬಂದು, ಹನ್ನೆರಡು ಗಜ ದೂರದಿಂದ, ಗೋಲುರಕ್ಷಕಿಯೊಬ್ಬಳನ್ನೇ ಎದುರಿಟ್ಟುಕೊಂಡು ಚೆಂಡನ್ನು ಒದೆಯುವ ಪದ್ಧತಿಯುಂಟು. ಇದಕ್ಕೆ ಪೆನಾಲ್ಟಿ ಒದೆತವೆಂದು ಹೆಸರು. ಜರ್ಮನಿಯ ಗೋಲುರಕ್ಷಕಿಯಾದ ಮಾರಿಯೋನ್ ಇಸ್ಬೆರ್ಟ್ ಎಂಬಾಕೆಯು ಇಟಲಿಯವರ ಮೂರು ಒದೆತಗಳನ್ನು ತಡೆದುದಲ್ಲದೆ, ಗೆಲುವಿನ ಒದೆತವನ್ನು ತಾನೇ ಒದೆದು ಗೋಲು ಮಾಡಿದಳು.

ಜುಲೈ 2ರಂದು ಓಸ್ನಾಬ್ರ್ಯುಕ್ ಪಟ್ಟಣದಲ್ಲಿ ಅಂತಿಮ ಪಂದ್ಯ. ನೋಡಲು ಬಂದವರು 22,000 ಮಂದಿ. ಹಿಂದಿನ ಪ್ರಶಸ್ತಿಯನ್ನು ಗೆದ್ದಿದ್ದ ನಾರ್ವೆಯನ್ನು ಜರ್ಮನಿಯವರು 4-1 ಗೋಲುಗಳಿಂದ ಸೋಲಿಸಿದರು. ಉರ್ಸುಲಾ ಲೋನ್ ಎರಡು ಗೋಲು ಹೊಡೆದಳು. ಹೈಡಿ ಮೋರ್ ಒಂದು, ಆಂಗೆಲಿಕಾ ಫೆರ್‌ಮಾನ್ ಒಂದು.

ಖಂಡದ ಪ್ರಶಸ್ತಿಯನ್ನು ತಂದ ಈ ಹೆಣ್ಣುಮಕ್ಕಳಿಗೆ ಫುಟ್ಬಾಲ್ ಸಂಘವು ಏನು ಬಹುಮಾನ ಕೊಟ್ಟಿತೆಂದು ಊಹಿಸುವಿರಾ? ಪ್ರತಿಯೊಬ್ಬಳಿಗೆ ಒಂದೊಂದು ಜೊತೆ ಕಾಫಿಯ ಪಿಂಗಾಣಿ ಪಾತ್ರೆಗಳು. ಬಟ್ಟಲು, ತಟ್ಟೆ, ಹೂವಿನ ಚಿತ್ರಗಳು. ಇದನ್ನು ಕೊಟ್ಟವರು ಕೆಟ್ಟ ಮನಸ್ಸಿನವರೆಂದು ನಾವು ಹೇಳುವುದಿಲ್ಲ. ಹೆಂಗಸಿಗೆ ಉಡುಗೊರೆಯೆಂದರೆ ಅಡಿಗೆಮನೆಯ ವಸ್ತುವೇ ಎಂದು ಅವರ ಮನಸ್ಸಿಗೆ ಸಹಜವಾಗಿ ತೋರಿತು. ನಮ್ಮ ಶಾಲೆಯ ಬಹುಮಾನ ವಿತರಣೆಯ ದಿನ ಓಟದಲ್ಲಿ ಮೊದಲು ಬಂದ ಬಾಲಿಕೆಗೆ ನಾವೂ ಎಷ್ಟು ವರ್ಷ ಊಟದ ಡಬ್ಬಿಗಳನ್ನು ಕೊಡುತ್ತಿದ್ದೆವೆಂಬುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಆದಕಾರಣ ಆ ಸಂಘದವರನ್ನು ನೋಡಿ ನಾವು ಹೆಚ್ಚು ನಗುವಂತಿಲ್ಲ.

6. ಎಂಟು ವಿಜಯಗಳು

1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. ಪೂರ್ವ ಜರ್ಮನಿಯ ವನಿತೆಯರ ತಂಡವು ಅದೇ ವರ್ಷ ಮೇ ತಿಂಗಳಲ್ಲಿ ಪಾಟ್ಸ್‌ಡಾಮಿನಲ್ಲಿ ಚೆಕೊಸ್ಲೊವಾಕಿಯದ ಎದುರು ಒಂದೇ ಒಂದು ಪಂದ್ಯವನ್ನಾಡಿ, 0-3ರಿಂದ ಸೋತು, ದೇಶದೊಂದಿಗೇ ಮುಗಿದುಹೋಯಿತು. ಅಲ್ಲಿಂದ ಮುಂದೆ ಒಂದೇ ತಂಡ. ಅದು ಗೆದ್ದ ಪ್ರಶಸ್ತಿಗಳ ಅಂತಿಮ ಪಂದ್ಯಗಳನ್ನು, ಮೊದಲಿನದನ್ನೂ ಕೂಡಿಸಿಕೊಂಡು, ಕ್ರಮವಾಗಿ ಕೊಡುತ್ತೇವೆ:

1989: ಓಸ್ನಾಬ್ರ್ಯುಕ್, ಜರ್ಮನಿ. ನಾರ್ವೆಯ ಎದುರು 4-1.
1991: ಆಲ್ಬೋರ್ಗ್, ಡೆನ್ಮಾರ್ಕ್. ನಾರ್ವೆಯ ಎದುರು 3-1.
1995: ಕೈಸರ್ಸ್‌ಲೌಟರ್ನ್, ಜರ್ಮನಿ. ಸ್ವೀಡನಿನ ಎದುರು 3-2.
1997: ಓಸ್ಲೊ, ನಾರ್ವೆ. ಇಟಲಿಯ ಎದುರು 2-0.
2001: ಉಲ್ಮ್, ಜರ್ಮನಿ. ಸ್ವೀಡನಿನ ಎದುರು 1-0.
2005: ಬ್ಲ್ಯಾಕ್‌ಬರ್ನ್, ಇಂಗ್ಲೆಂಡ್. ನಾರ್ವೆಯ ಎದುರು 3-1.
2009: ಹೆಲ್ಸಿಂಕಿ, ಫಿನ್ಲೆಂಡ್. ಇಂಗ್ಲೆಂಡಿನ ಎದುರು 6-2.
2013: ಸೊಲ್ನಾ, ಸ್ವೀಡನ್. ನಾರ್ವೆಯ ಎದುರು 1-0.

ಭೂಪಟವನ್ನು ಮುಂದಿಟ್ಟುಕೊಂಡು ಈ ಊರುಗಳನ್ನು ಗುರುತಿಸಿದರೆ ಉತ್ತರ ಯೂರೋಪಿನ ಭೂಗೋಳವೇ ಕಣ್ಣಮುಂದೆ ಬರುವುದು. ಎಂಟರಲ್ಲಿ ನಾಲ್ಕು ಸಲ ನಾರ್ವೆಯೇ ಎದುರಾಳಿಯಾಗಿದ್ದುದನ್ನೂ ಗಮನಿಸಬೇಕು. 1993ರಲ್ಲಿ ಮಾತ್ರ ಜರ್ಮನಿಯು ಇಟಲಿಗೆ ಪೆನಾಲ್ಟಿ ಒದೆತಗಳಲ್ಲಿ ಸೋತು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು; ಆ ವರ್ಷ ನಾರ್ವೆ ಗೆದ್ದಿತು. ಅನಂತರ 1995ರಿಂದ 2013ರವರೆಗೆ ನಡೆದ ಆರು ಪಂದ್ಯಾಟಗಳನ್ನೂ ಜರ್ಮನಿಯೇ ಗೆದ್ದಿತು.

ಇವುಗಳಲ್ಲಿ ಎರಡನ್ನು ಸ್ವಲ್ಪ ವಿಸ್ತರಿಸುತ್ತೇವೆ. 2001ರ ಅಂತಿಮ ಪಂದ್ಯವು ಡಾನ್ಯೂಬ್ ನದಿಯ ದಡದ ಉಲ್ಮ್ ಪಟ್ಟಣದಲ್ಲಿ ನಡೆಯಿತು. ನಿಯಮಿತ ಸಮಯದಲ್ಲಿ ಯಾರೂ ಗೋಲು ಮಾಡಲಿಲ್ಲ. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಮಾಡಿದವರು ಆ ಕ್ಷಣದಲ್ಲಿಯೇ ಗೆದ್ದಂತೆ ಎಂಬ ನಿಯಮವು ಆಗ ಜಾರಿಯಲ್ಲಿದ್ದಿತು. ಅದನ್ನು ಬಂಗಾರದ ಗೋಲು ಎನ್ನುತ್ತಿದ್ದರು. ಕ್ಲೌಡಿಯಾ ಮ್ಯುಲ್ಲರ್ ಎಂಬಾಕೆಯು ಅಂಥ ಗೋಲನ್ನು ಹೊಡೆದು ಪಂದ್ಯವನ್ನು ಮುಗಿಸಿದಳು. ಇನ್ನೊಂದು 2013ರದು. ಆ ವರ್ಷ ಹಲವು ಅನುಭವಸ್ಥೆಯರು ಗಾಯಗೊಂಡು ಮನೆಯಲ್ಲಿಯೇ ಉಳಿದಿದ್ದರು. ಎಳೆಯರ ತಂಡವು ಮೊದಲ ಸುತ್ತಿನಲ್ಲಿ ನಾರ್ವೆಗೆ ಸೋತಿತು. ಅಂತಿಮ ಪಂದ್ಯದಲ್ಲಿ ಅದೇ ನಾರ್ವೆಯು ಎದುರಾಯಿತು. 41,301 ಪ್ರೇಕ್ಷಕರ ಮುಂದೆ ಗೋಲುರಕ್ಷಕಿಯಾದ ನಾಡೀನ್ ಆಂಗೆರರ್ ಎರಡು ಪೆನಾಲ್ಟಿ ಒದೆತಗಳನ್ನು ತಡೆದಳು. ಆನ್ಯಾ ಮಿಟ್ಟಾಗ್ ಹೊಡೆದ ಒಂದೇ ಗೋಲಿನಿಂದ ಪ್ರಶಸ್ತಿಯು ಉಳಿಯಿತು.

ಆಟಗಾರ್ತಿಯರಲ್ಲಿ ಬಿರ್ಗಿಟ್ ಪ್ರಿನ್ಸ್ ಎಂಬಾಕೆಯನ್ನು ಹೆಸರಿಸದೆ ಮುಂದುವರಿಯುವಂತಿಲ್ಲ. 1995ರಲ್ಲಿ ಹದಿಹರೆಯದ ಹುಡುಗಿಯಾಗಿ ಮೊದಲನೆಯ ಪ್ರಶಸ್ತಿಯನ್ನು ಪಡೆದವಳು, 2009ರಲ್ಲಿ ಐದನೆಯದನ್ನು ಪಡೆದಳು. ದೇಶಕ್ಕಾಗಿ 214 ಪಂದ್ಯಗಳನ್ನಾಡಿ 128 ಗೋಲುಗಳನ್ನು ಹೊಡೆದಳು.

7. ಶಿಕ್ಷಕಿಯರ ಪರಂಪರೆ

ಇಷ್ಟೊಂದು ಗೆಲುವಿಗೆ ಕಾರಣವೇನು? ದೊಡ್ಡ ದೇಶ, ಸಾವಿರಾರು ಕ್ಲಬ್ಬುಗಳು, ಹಣದ ಅನುಕೂಲ ಇವೆಲ್ಲ ಇದ್ದವು. ಆದರೆ ಶಿಕ್ಷಕಿಯರಾದ ನಮ್ಮ ಕಣ್ಣಿಗೆ ಇನ್ನೊಂದು ಕಾರಣವು ಎದ್ದು ಕಾಣುತ್ತದೆ. 1996ರಲ್ಲಿ ಬಿಸಾಂಜರ ಸ್ಥಾನಕ್ಕೆ ಟೀನಾ ಟ್ಯೂನೆ ಎಂಬವರು ಬಂದರು. ಕಾಲ್ಚೆಂಡಿನ ಶಿಕ್ಷಕರಿಗೆ ಆ ದೇಶದಲ್ಲಿ ಕೊಡುವ ಅತ್ಯುನ್ನತ ಯೋಗ್ಯತಾಪತ್ರವನ್ನು ಪಡೆದ ಮೊದಲನೆಯ ಮಹಿಳೆಯು ಅವರೇ. 1997, 2001, 2005 ಈ ಮೂರು ವರ್ಷಗಳ ಪ್ರಶಸ್ತಿಗಳು ಅವರ ಕೈಕೆಳಗೆ ಬಂದವು. ಅವರ ಸಹಾಯಕಿಯಾಗಿದ್ದವರು, 1982ರಲ್ಲಿ ಕೋಬ್ಲೆಂಜಿನಲ್ಲಿ ಎರಡು ಗೋಲು ಹೊಡೆದ ಆ ಹುಡುಗಿ ಸಿಲ್ವಿಯಾ ನೈಡ್. 2005ರಲ್ಲಿ ಆಕೆಯೇ ಮುಖ್ಯ ತರಬೇತುಗಾರ್ತಿಯಾಗಿ 2009ರ ಮತ್ತು 2013ರ ಪ್ರಶಸ್ತಿಗಳನ್ನು ತಂದರು. ಲೆಕ್ಕ ಹಾಕಿ ನೋಡಿರಿ: ಆಟಗಾರ್ತಿಯಾಗಿ ಮೂರು, ಸಹಾಯಕಿಯಾಗಿ ಮೂರು, ಮುಖ್ಯಸ್ಥೆಯಾಗಿ ಎರಡು, ಎಂಟು ಪ್ರಶಸ್ತಿಗಳಲ್ಲಿಯೂ ಸಿಲ್ವಿಯಾ ನೈಡರ ಪಾಲುಂಟು.

ಕಲಿತವಳೇ ಕಲಿಸುವವಳಾದಾಗ ವಿದ್ಯೆಯು ಒಂದು ಮನೆಯ ದೀಪದಿಂದ ಇನ್ನೊಂದು ಮನೆಯ ದೀಪಕ್ಕೆ ಹತ್ತಿದಂತೆ ಮುಂದುವರಿಯುವುದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರು ಇಂದು ಶಿಕ್ಷಕಿಯರಾಗಿದ್ದೀರಿ. ಈ ಮಾತಿನ ಬೆಲೆಯನ್ನು ನಿಮಗೆ ವಿವರಿಸಬೇಕಾಗಿಲ್ಲ.

8. ಸೋಲಿನ ವರ್ಷಗಳು

ಎಲ್ಲ ಚರಿತ್ರೆಯಲ್ಲಿಯೂ ಇಳಿಗಾಲವುಂಟು. 2017ರಲ್ಲಿ ಹಾಲೆಂಡಿನ ರಾಟರ್‌ಡಾಮಿನಲ್ಲಿ ಡೆನ್ಮಾರ್ಕಿನೊಂದಿಗೆ ಆಡಬೇಕಾಗಿದ್ದ ಕಾಲ್ವಂತಿಮ ಪಂದ್ಯವು ಮಳೆಯ ಕಾರಣ ಒಂದು ದಿನ ಮುಂದೆ ಹೋಗಿ ಜುಲೈ 30ರಂದು ನಡೆಯಿತು. ಜರ್ಮನಿಯು ಮೊದಲು ಗೋಲು ಮಾಡಿಯೂ 2-1ರಿಂದ ಸೋತು ಮನೆಗೆ ಹಿಂದಿರುಗಿತು. 1955ರ ನಿಷೇಧದ ದಿನಾಂಕವನ್ನು ನೆನಪಿಟ್ಟುಕೊಂಡ ವಾಚಕರು ಇಲ್ಲಿ ನಿಲ್ಲುವರು. ಸರಿಯಾಗಿ ಅರುವತ್ತೆರಡು ವರ್ಷಗಳ ಹಿಂದೆ, ಅದೇ ಜುಲೈ 30ರಂದು, ಹೆಂಗಸರು ಆಡಲೇಬಾರದೆಂದು ತೀರ್ಮಾನವಾಗಿತ್ತು. ಈಗ ಅವರು ಸೋತರೆಂದು ದೇಶವೇ ಮರುಗುತ್ತಿದ್ದಿತು. ಸೋತದ್ದಕ್ಕೆ ಜನರು ದುಃಖಪಡುವಷ್ಟು ಬೆಳೆದುದೂ ಒಂದು ಬೆಳವಣಿಗೆಯೇ.

2022ರಲ್ಲಿ ತಂಡವು ಮತ್ತೆ ಅಂತಿಮ ಪಂದ್ಯಕ್ಕೆ ಏರಿತು. ಮುಖ್ಯ ತರಬೇತುಗಾರ್ತಿಯಾಗಿದ್ದವರು ಮಾರ್ಟೀನಾ ಫಾಸ್ ಟೆಕ್ಲೆನ್‌ಬುರ್ಗ್. ಇವರು 1989ರ ತಂಡದಲ್ಲಿದ್ದು ಪಿಂಗಾಣಿಯ ಬಹುಮಾನವನ್ನು ಪಡೆದವರು. ಅವರ ಶಿಷ್ಯೆಯರಿಗೆ, ಪ್ರಶಸ್ತಿ ಗೆದ್ದರೆ ತಲೆಗೆ 60,000 ಯೂರೋ ಕೊಡುವುದಾಗಿ ಸಂಘವು ಮಾತು ಕೊಟ್ಟಿತ್ತು. ತಂಡದ ನಾಯಕಿಯಾದ ಅಲೆಕ್ಸಾಂಡ್ರಾ ಪಾಪ್ 2013ರಲ್ಲಿಯೂ 2017ರಲ್ಲಿಯೂ ಗಾಯದ ಕಾರಣದಿಂದ ಆಡಲಾರದೆ ಹೋದವಳು. ಈ ಸಲ ಐದು ಪಂದ್ಯಗಳಲ್ಲಿ ಆರು ಗೋಲುಗಳನ್ನು ಹೊಡೆದಿದ್ದಳು. ಜುಲೈ 31ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 87,192 ಜನರು ಕೂಡಿದ್ದರು. ಆಟಕ್ಕೆ ಮುಂಚಿನ ಅಭ್ಯಾಸದಲ್ಲಿಯೇ ಪಾಪ್‌ಗೆ ಸ್ನಾಯುನೋವಾಗಿ ಆಕೆಯು ಹೊರಗೆ ಕುಳಿತಳು. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡು 2-1ರಿಂದ ಗೆದ್ದಿತು. ಖಂಡದ ಪ್ರಶಸ್ತಿಯ ಅಂತಿಮ ಪಂದ್ಯವೊಂದರಲ್ಲಿ ಜರ್ಮನಿಯ ವನಿತೆಯರು ಸೋತುದು ಅದೇ ಮೊದಲನೆಯ ಸಲ.

9. ಬಾಸೆಲ್ ಪಟ್ಟಣದ ರಾತ್ರಿ

2025ರ ಪಂದ್ಯಾಟವು ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಜುಲೈ 19ರಂದು ಜರ್ಮನಿಯೂ ಫ್ರಾನ್ಸೂ ಬಾಸೆಲ್ ಪಟ್ಟಣದಲ್ಲಿ ಎದುರಾದವು. 1834ರಲ್ಲಿ ಮಂಗಳೂರಿಗೆ ಬಂದ ಮಿಷನಿನವರು ಹೊರಟುದು ಈ ಊರಿನಿಂದಲೇ ಆದುದರಿಂದ ಇದರ ಹೆಸರು ಕರಾವಳಿಯಲ್ಲಿ ಮನೆಮಾತಾಗಿದೆ. ಆಟ ಶುರುವಾಗಿ ಹದಿಮೂರನೆಯ ನಿಮಿಷಕ್ಕೆ ಜರ್ಮನಿಯ ಕಟ್ರಿನ್ ಹೆಂಡ್ರಿಕ್ ಎಂಬಾಕೆಯು ಎದುರಾಳಿಯ ಜಡೆಯನ್ನು ಎಳೆದ ತಪ್ಪಿಗಾಗಿ ಹೊರಗೆ ಹಾಕಲ್ಪಟ್ಟಳು. ಪೆನಾಲ್ಟಿಯಿಂದ ಫ್ರಾನ್ಸ್ ಗೋಲು ಮಾಡಿತು. ಉಳಿದ ಹತ್ತು ಮಂದಿಯು ಹನ್ನೊಂದು ಮಂದಿಯ ಎದುರು ನೂರು ನಿಮಿಷಗಳಿಗೂ ಹೆಚ್ಚು ಕಾಲ ಓಡಿದರು. ಗೋಲು ತೀರಿಸಿ 1-1 ಮಾಡಿದರು. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಒದೆತಗಳಿಗೆ ಬಂದಿತು. ಗೋಲುರಕ್ಷಕಿ ಆನ್ ಕಾಟ್ರಿನ್ ಬೆರ್ಗರ್ ಎರಡನ್ನು ತಡೆದಳು. ತನ್ನ ಸರದಿ ಬಂದಾಗ ತಾನೂ ಒಂದನ್ನು ಗೋಲಿಗೆ ಹೊಡೆದಳು. ಜರ್ಮನಿಯು 6-5ರಿಂದ ಗೆದ್ದಿತು. ಮೂವತ್ತಾರು ವರ್ಷಗಳ ಹಿಂದೆ ಜೀಗನ್ನಿನಲ್ಲಿ ಇಸ್ಬೆರ್ಟ್ ಮಾಡಿದುದನ್ನೇ ಬೆರ್ಗರ್ ಮತ್ತೊಮ್ಮೆ ಮಾಡಿ ತೋರಿಸಿದಳು. ಈಕೆಯು ಗಂಟಲಿನ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ರೋಗವನ್ನು ಎರಡು ಸಲ ಅನುಭವಿಸಿ ಬದುಕಿದವಳು.

ನಾಲ್ಕು ದಿನಗಳ ತರುವಾಯ ಜ್ಯೂರಿಕ್ ಪಟ್ಟಣದಲ್ಲಿ ಸ್ಪೇನಿನ ಐತಾನಾ ಬೊನ್ಮಾತಿ ಹೆಚ್ಚುವರಿ ಸಮಯದಲ್ಲಿ ಹೊಡೆದ ಒಂದು ಗೋಲಿನಿಂದ ಜರ್ಮನಿಯು ಉಪಾಂತ್ಯದಲ್ಲಿ ಸೋತಿತು. 1984ರಿಂದ 2025ರವರೆಗೆ ನಡೆದ ಹದಿನಾಲ್ಕು ಪಂದ್ಯಾಟಗಳಲ್ಲಿ ಎಂಟನ್ನು ಜರ್ಮನಿಯೂ, ನಾರ್ವೆ ಇಂಗ್ಲೆಂಡುಗಳು ಎರಡೆರಡನ್ನೂ, ಸ್ವೀಡನ್ ಹಾಲೆಂಡುಗಳು ಒಂದೊಂದನ್ನೂ ಗೆದ್ದಿವೆ.

10. ಕಲಿಯತಕ್ಕ ಪಾಠ

ಈಗ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ. ದೇಹಕ್ಕೆ ಕೇಡೆಂಬುದು ಮೊದಲನೆಯದು. ಗಾಯಗಳಾಗುವುದುಂಟು, ಪಾಪ್ ಎಂಬಾಕೆಯ ಕಥೆಯನ್ನು ನಾವು ಮರೆಮಾಡಲಿಲ್ಲ. ಆದರೆ ಹೆಣ್ಣಾದುದರಿಂದಲೇ ದೇಹವು ಕೆಡುವುದೆಂಬ 1955ರ ಭಯವು ಸುಳ್ಳಾಯಿತು. ಮೊಟಕು ಪಂದ್ಯವನ್ನು ಮಾತ್ರ ಆಡಬಲ್ಲರೆನ್ನಿಸಿಕೊಂಡವರು ಬಾಸೆಲಿನಲ್ಲಿ 120 ನಿಮಿಷ ಆಡಿದರು. ಎರಡನೆಯದು ಮರ್ಯಾದೆ. ಸೋತವರ ಕೈ ಕುಲುಕುವುದು, ಪಂಚರ ತೀರ್ಪಿಗೆ ತಲೆಬಾಗುವುದು, ಜಡೆ ಹಿಡಿದೆಳೆದರೆ ಹೊರಗೆ ಹೋಗಬೇಕೆಂಬುದು, ಇವೇ ಮರ್ಯಾದೆಯ ಪಾಠಗಳು. ಆಟದ ಬಯಲಿನಲ್ಲಿ ಇವನ್ನು ಕಲಿಯುವಷ್ಟು ಚೆನ್ನಾಗಿ ಬೇರೆಲ್ಲಿ ಕಲಿಯಬಹುದು? ಮೂರನೆಯದು, ಏನು ದೊರೆಯುವುದೆಂಬುದು. ಎಲ್ಲರಿಗೂ ಪ್ರಶಸ್ತಿಯಾಗಲಿ ಹಣವಾಗಲಿ ದೊರೆಯದು. ಹತ್ತು ಜನರಾಗಿ ಉಳಿದರೂ ಆಟವನ್ನು ಬಿಡದಿರುವ ಅಭ್ಯಾಸವು ದೊರೆಯುವುದು. ಸಂಸಾರ ನಡೆಸಿದ ತಾಯಂದಿರಿಗೆ ಇದರ ಉಪಯೋಗವನ್ನು ನಾವು ಹೇಳಬೇಕೇ?

ನಮ್ಮ ದೇಶದ ಮಾತನ್ನೂ ಒಂದೆರಡು ವಾಕ್ಯಗಳಲ್ಲಿ ಹೇಳುತ್ತೇವೆ. ಜರ್ಮನಿಯ ತಂಡವು ಹುಟ್ಟುವುದಕ್ಕೆ ಮೊದಲೇ, 1980ರಲ್ಲಿ, ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಖಂಡದ ವನಿತೆಯರ ಪಂದ್ಯಾಟದಲ್ಲಿ ಭಾರತವು ಅಂತಿಮ ಪಂದ್ಯವನ್ನು ಆಡಿತ್ತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೊಮ್ಮೆ ಅಂತಿಮ ಪಂದ್ಯಕ್ಕೇರಿ ಥಾಯ್ಲೆಂಡಿಗೆ ಸೋತಿತು. ಅನಂತರ ಬಹುಕಾಲ ಹಿಂದೆ ಬಿದ್ದಿತು. 2025ರ ಜುಲೈಯಲ್ಲಿ ಅದೇ ಥಾಯ್ಲೆಂಡನ್ನು ಅದರ ನೆಲದಲ್ಲಿಯೇ 2-1ರಿಂದ ಸೋಲಿಸಿ 2026ರ ಏಷ್ಯಾ ಪಂದ್ಯಾಟಕ್ಕೆ ಅರ್ಹತೆಯನ್ನು ಪಡೆಯಿತು. ನಮ್ಮವರು ಮುಂದೆ ಹೊರಟು ಹಿಂದೆ ಬಿದ್ದರು. ಜರ್ಮನಿಯವರು ಹಿಂದೆ ಹೊರಟು ಮುಂದೆ ಹೋದರು. ವ್ಯತ್ಯಾಸವು ಹೆಣ್ಣುಮಕ್ಕಳ ಶಕ್ತಿಯಲ್ಲಿರಲಿಲ್ಲ.

ಕಡೆಯದಾಗಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಇಪ್ಪತ್ತೈದು ವರ್ಷಗಳ ಹಿಂದೆ, ತರಬೇತಿ ಮುಗಿಸಿ ಶಿಕ್ಷಕಿಯಾಗಿ ಬಂದ ಹೊಸತರಲ್ಲಿ, ನಮ್ಮ ತರಗತಿಯಲ್ಲಿ ಗಾಳಿಯಂತೆ ಓಡುವ ಬಾಲಿಕೆಯೊಬ್ಬಳಿದ್ದಳು. ಎಂಟನೆಯ ತರಗತಿಗೆ ಬಂದೊಡನೆ ಆಕೆಯ ತಂದೆಯ ಪತ್ರವು ಬಂದಿತು. ನಾವು ಅದನ್ನು ಓದಿ, ಕೆಳಗೆ ‘ಒಪ್ಪಿದೆ’ ಎಂದು ಬರೆದು ಸಹಿ ಮಾಡಿದೆವು. ತಂದೆಯೊಡನೆ ಒಂದು ಮಾತನ್ನೂ ಆಡಲಿಲ್ಲ. ಅಂದಿನಿಂದ ಎರಡು ವರ್ಷ ಆ ಹುಡುಗಿಯು ಆಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಕುಳಿತು ಉಳಿದವರ ಚಪ್ಪಲಿಗಳನ್ನು ಕಾಯುತ್ತಿದ್ದಳು. ಕಳೆದ ವರ್ಷ ಆಕೆಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದಳು. ಶುಲ್ಕವನ್ನಾಗಲಿ ಪುಸ್ತಕಗಳನ್ನಾಗಲಿ ಕುರಿತು ಏನನ್ನೂ ಕೇಳಲಿಲ್ಲ. “ಟೀಚರ್, ಎಂಟನೆಯ ತರಗತಿಯವರು ಈಗ ಆಡುತ್ತಾರೆಯೇ?” ಎಂದು ಮಾತ್ರ ಕೇಳಿದಳು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ಬರ್ಲಿನಿನ ಸಭೆಯವರು ಮಾಡಿದುದನ್ನು ನಾವು ಒಂದು ಸಹಿಯಿಂದ ಮಾಡಿದ್ದೆವು. ಆದಕಾರಣ ಈ ವರ್ಷದಿಂದ ಒಂದು ಹೊಸ ಪದ್ಧತಿಯನ್ನು ಇಟ್ಟಿದ್ದೇವೆ. ಆಟದಿಂದ ಬಿಡುಗಡೆ ಕೋರುವ ಪತ್ರಗಳನ್ನು, ವೈದ್ಯರ ಸಲಹೆಯಿದ್ದರೆ ಹೊರತು, ಅಂಚೆಯಲ್ಲಿ ಸ್ವೀಕರಿಸುವುದಿಲ್ಲ. ತಾಯಿಯಾಗಲಿ ತಂದೆಯಾಗಲಿ ಒಂದು ಶನಿವಾರ ಬಂದು, ಬೇವಿನ ಮರದ ಕೆಳಗೆ ಕುಳಿತು, ಮಗಳು ಆಡುವುದನ್ನು ಒಂದು ಗಂಟೆ ನೋಡಬೇಕು. ಆ ಮೇಲೆಯೂ ಪತ್ರವನ್ನು ಕೊಡಬೇಕೆಂದು ತೋರಿದರೆ ನಮ್ಮ ಕೈಗೆ ಕೊಡಬಹುದು. ಈವರೆಗೆ ಏಳು ಮಂದಿ ಬಂದಿದ್ದಾರೆ. ಪತ್ರವನ್ನು ಕೊಟ್ಟುಹೋದವರು ಇಬ್ಬರು.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು:

1. 1955ರ ನಿಷೇಧಕ್ಕೆ ಕೊಟ್ಟ ಕಾರಣಗಳಲ್ಲಿ ಯಾವುದನ್ನು ನಮ್ಮ ಮನೆಯಲ್ಲಿ ನಾವೂ ಹೇಳಿದ್ದೇವೆ?
2. 1989ರ ಆಟಗಾರ್ತಿಯರಿಗೆ ಯಾವ ಬಹುಮಾನವು ತಕ್ಕುದಾಗಿತ್ತು?
3. ನಮ್ಮ ಬೀದಿಯ ಹೆಣ್ಣುಮಕ್ಕಳು ಆಡುವುದಕ್ಕೆ ಬಯಲೆಲ್ಲಿದೆ? ಅದರ ಬಾಗಿಲು ಯಾರ ಕೈಯಲ್ಲಿದೆ?